ಪರದೆಗೆ ಬಾರದ ಮಾತು

ಓದುಗ ಬಂಧುಗಳಿಗೆಲ್ಲ ಕಮಲಾಪುರದಿಂದ ಶರಣು ಶರಣಾರ್ಥಿ. ನಾನು ಒಂದೇ ಬೆರಳಿನಿಂದ ಟೈಪು ಮಾಡುವವನು. ಒಂದು ಅಕ್ಷರ ಹುಡುಕಿ ಒತ್ತುವ ಹೊತ್ತಿಗೆ ಮುಂದಿನದು ಯಾವುದೆಂದು ಮರೆತಿರುತ್ತದೆ. ಶಾಲೆಯ ಮೆಟ್ಟಿಲು ಹತ್ತಿದ್ದೂ ಮೀಸೆ ಬಂದ ಮೇಲೆ. ಹೀಗಾಗಿ ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ, ದೀರ್ಘ ಬಿದ್ದುಹೋಗಿದ್ದರೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಅಡುಗೆಮನೆಯಲ್ಲಿ ಉಪ್ಪಿನಕಾಯಿಯ ಭರಣಿ ಇಳಿಸಲು ಹೋದೆ. ಅದರ ಬಾಯಿಗೆ ದಾರ ಸುತ್ತಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿತ್ತು. ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ, ನನ್ನದೇ ದುಂಡಕ್ಷರದಲ್ಲಿ, 'ಇವಳಿಗೆ ಚಹಾ ಬೇಡವಂತೆ, ತಲೆನೋವಂತೆ' ಎಂದು ಬರೆದಿತ್ತು.

"ಇದನ್ನ ಇನ್ನಾ ಇಟ್ಟೀದಿ?" ಅಂದೆ.

"ಎಣ್ಣಿ ಹತ್ತಿದರೂ ಒರಸಿದರ ಹೋಗ್ತದ" ಅಂದಳು ನನ್ನ ಹೆಂಡತಿ ಶರಣಮ್ಮ. "ನಿಮ್ಮ ಆ ನಾಟಕದಾಗಿಂದ ಉಪಯೋಗಕ್ಕ ಬಂದದ್ದು ಇದೊಂದ."

ನನಗೆ ಸಿಟ್ಟು ಬಂತು. ತೊಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ ಆ ಹಾಳೆಗಳ ಹಿಂದೆ ನಾನು ಪಟ್ಟ ಪಾಡು ಆ ಭರಣಿಯೊಳಗಿನ ಖಾರಕ್ಕಿಂತ ಕಡಿಮೆಯದಲ್ಲ. ಆದರೆ ಅದನ್ನು ಹೇಳಬೇಕಾದರೆ 'ಏನಂದಾನ್ರಿ' ಎಂಬ ಕಾಟದಿಂದ ಶುರು ಮಾಡಬೇಕು.

ನಾನು ಚಿಕ್ಕವನಿದ್ದಾಗ ಅಪ್ಪ ನಮ್ಮನ್ನೆಲ್ಲ ಕಟ್ಟಿಕೊಂಡು ಸೊಲ್ಲಾಪುರದ ಚಾದರದ ಕಾರಖಾನೆಗೆ ಹೋದ. ಅಲ್ಲಿ ಮಗ್ಗಗಳ ಗದ್ದಲದಲ್ಲಿ ಮರಾಠಿ ಕಲಿತೆ. ಗದ್ದಲದಲ್ಲಿ ಕಲಿತದ್ದಕ್ಕೋ ಏನೋ, ಇವತ್ತಿಗೂ ನನ್ನ ಮರಾಠಿ ಸ್ವಲ್ಪ ಎತ್ತರದ ದನಿಯಲ್ಲೇ ಬರುತ್ತದೆ. ಅಕ್ಷರ ಮಾತ್ರ ಯಾವ ಭಾಷೆಯದ್ದೂ ಬರಲಿಲ್ಲ. ಊರಿಗೆ ಮರಳಿ ಬಾಳೆಗೊನೆ ಹೊರುವ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಸೇರಿದೆ. ಕಲಬುರಗಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತು ಅಂಗಡಿಗಳ ಬೋರ್ಡು ಓದುವುದೇ ನನ್ನ ಮನೆಪಾಠ. 'ಶ್ರೀ' ಎಂದು ಓದಿ ಮುಗಿಸುವಷ್ಟರಲ್ಲಿ ಅಂಗಡಿ ಹಿಂದೆ ಹೋಗಿರುತ್ತಿತ್ತು. ಬಹಳ ದಿನ ಕಲಬುರಗಿಯ ಅಂಗಡಿಗಳಿಗೆಲ್ಲ ಒಂದೇ ಹೆಸರು ಎಂದು ನಂಬಿದ್ದೆ. ಹೇಗೋ ಮಾಡಿ ಹತ್ತನೆಯದನ್ನು ದಾಟಿ, ಊರಿನ ಸೊಸೈಟಿಯಲ್ಲಿ ಗುಮಾಸ್ತನಾದೆ. ಆಮೇಲೆ ಮದುವೆಯಾದೆ.

ಶರಣಮ್ಮ ಜೇವರ್ಗಿ ಕಡೆಯ ಹಳ್ಳಿಯವಳು. ಕನ್ನಡ ಬಿಟ್ಟರೆ ಬೇರೆ ತಿಳಿಯದು, ಅಕ್ಷರವೂ ಬಾರದು. ಹೊಸದರಲ್ಲಿ ಅವಳನ್ನು ಸ್ಟೇಶನ್ ಬಜಾರದ ಕಡೆಯ ಟಾಕೀಜಿಗೆ ಹಿಂದಿ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಪರದೆಯ ಮೇಲೆ ನಾಯಕ ಮುಷ್ಟಿ ಬಿಗಿದು ಉದ್ದಕ್ಕೆ ಮಾತಾಡಿದ.

"ಏನಂದಾನ್ರಿ?"

"ಸಿಟ್ಟಿಗೆದ್ದಾನ."

"ಅಷ್ಟೊತ್ತು ಒದರಿದ್ದು ಇಷ್ಟ ಏನು?"

"ಭಾಳ ಸಿಟ್ಟಿಗೆದ್ದಾನ."

ಅವಳು ನಂಬಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಾತ ನನ್ನ ಹೆಗಲು ತಟ್ಟಿದ. "ಮಾವಾ, ಹೇಳೂದು ಹೇಳ್ತಿ, ಖರೇ ಹೇಳು. ಅಂವ ತನ್ನ ಅವ್ವನ ಕಡೆ ರೊಟ್ಟಿ ಕೇಳ್ಯಾನ. ಅವರಪ್ಪ ಹಸಗೊಂಡು ಸತ್ತ ಕಥಿ ಹೇಳ್ಯಾನ. ಎಲ್ಲಾ ನುಂಗಿಬಿಟ್ಟಿಯಲ್ಲೋ."

ಮನೆಗೆ ಬಂದ ಮೇಲೆ ಶರಣಮ್ಮ ರೊಟ್ಟಿ ಬಡಿಯುವಾಗ ಪ್ರತಿ ಪೆಟ್ಟಿಗೂ ಒಂದು ಮಾತು ಸೇರಿಸಿದಳು. "ನೀವು ಮಾತು ಜರಡಿ ಹಿಡೀತೀರಿ. ಜರಡಿ ಮ್ಯಾಲ ಉಳದದ್ದು ನನಗ ಕೊಡ್ತೀರಿ, ಹಿಟ್ಟೆಲ್ಲಾ ನೀವ ಇಟ್ಕೋತೀರಿ."

ಹೀಗೆ ಎಷ್ಟೋ ಸಿನಿಮಾ, ಎಷ್ಟೋ ಜಗಳ. ಪಿಸುಗುಟ್ಟುತ್ತ ಕನ್ನಡ ಮಾಡಿ ಹೇಳುವುದು ಎಂಥ ಹಿಂಸೆ ಎಂದು ಅದನ್ನು ಮಾಡಿದವರಿಗೇ ಗೊತ್ತು. ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಮೂರು ಮಾತು ತಪ್ಪಿರುತ್ತವೆ. ಹೇಳಿಸಿಕೊಂಡವರಿಗೆ ಸಮಾಧಾನವಿಲ್ಲ, ಹೇಳಿದವನು ಸಿನಿಮಾ ನೋಡಿರುವುದಿಲ್ಲ, ಅಕ್ಕಪಕ್ಕದವರ ಶಾಪ ಬೇರೆ. ಕೊನೆಗೆ ಒಂದು ದಿನ ಅವಳೇ ತೀರ್ಮಾನ ಕೊಟ್ಟಳು. "ಇನ್ನ ನಿಮ್ಮ ಕೂಡ ಬರೂದಿಲ್ಲ. ನಿಮ್ಮನ್ನ ಕೇಳದ ನಾನ ತಿಳ್ಕೊಳ್ಳೂ ಹಂಗಾದಾಗ ಬರ್ತೀನಿ." ಹೇಳಿದ್ದಷ್ಟೇ ಅಲ್ಲ, ಓಣಿಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ವರ್ಗ ಶುರುವಾದಾಗ ಹೋಗಿ ಮುಂದೆ ಕೂತಳು.

ಈಗ ಪಾಟೀಲ ಸರ್ ಬರುತ್ತಾರೆ. ಕಲಬುರಗಿಯ ಖೂಬಾ ಪ್ಲಾಟಿನವರು, ಕಾಲೇಜಿನಲ್ಲಿ ಪಾಠ ಹೇಳುವವರು, ನಾಟಕದ ಹುಚ್ಚಿನ ಒಂದು ಸಂಘದ ಕಾರ್ಯದರ್ಶಿ. ಒಮ್ಮೆ ಕಮಲಾಪುರಕ್ಕೆ ಕೆಂಪು ಬಾಳೆಹಣ್ಣಿಗೆಂದು ಬಂದಾಗ ನಾನು ಸೊಲ್ಲಾಪುರದ ಲಾರಿ ಡ್ರೈವರನಿಗೆ ಮರಾಠಿಯಲ್ಲಿ ಬೈಯುತ್ತಿದ್ದೆ. ಹಣ್ಣು ಮರೆತು ನಿಂತುಬಿಟ್ಟರು.

"ಏನ್ ಮರಾಠೀರಿ ನಿಮ್ದು! ನಮಗ ನೀವು ಬೇಕು."

ಪುಣೆ ಕಡೆಯ ಒಂದು ತಂಡ ಕಲಬುರಗಿಗೆ ಮರಾಠಿ ನಾಟಕ ತರುವುದಿತ್ತು. ದೊಡ್ಡ ದೊಡ್ಡ ದೇಶಗಳಲ್ಲಿ ತಿಳಿಯದ ಭಾಷೆಯಲ್ಲಿ ಹಾಡುನಾಟಕ ಆಡುವಾಗ ಮಾತಿನ ಅರ್ಥವನ್ನು ರಂಗದ ಮೇಲುಗಡೆ ಬೆಳಕಿನಲ್ಲಿ ಬಿಡುತ್ತಾರಂತೆ, ಜನ ಓದಿಕೊಂಡು ನೋಡುತ್ತಾರಂತೆ. ಸರ್ ಅದನ್ನು ಎಲ್ಲೋ ಓದಿದ್ದರು. ನಮ್ಮಲ್ಲೂ ಆಗಬೇಕು ಅಂದರು. ಕಾಲೇಜಿನಲ್ಲಿ ಪಾಠಕ್ಕೆ ಬಳಸುವ ಪ್ರೊಜೆಕ್ಟರ್ ಇದೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ಇಟ್ಟರೆ ಪಕ್ಕದ ಬಿಳಿ ಪರದೆಯ ಮೇಲೆ ಅಕ್ಷರ ಮೂಡುತ್ತವೆ, ನೀವು ಕನ್ನಡ ಮಾಡಿ ಬರೆಯಿರಿ, ಆಟದ ದಿನ ಒಂದೊಂದೇ ಹಾಳೆ ಬದಲಿಸಿರಿ, ಅಷ್ಟೇ ಅಂದರು. 'ಅಷ್ಟೇ' ಎಂದು ಹೇಳುವವರನ್ನು ಕಂಡರೆ ಆವತ್ತಿನಿಂದ ನನಗೆ ಹೆದರಿಕೆ.

ನಾನು ಒಪ್ಪಿದ್ದು ನಾಟಕದ ಮೇಲಿನ ಪ್ರೀತಿಗಲ್ಲ. ಮನೆಗೆ ಹೋಗಿ ಶರಣಮ್ಮನಿಗೆ ಹೇಳಿದೆ. "ಪರದಿ ಮ್ಯಾಲ ಕನ್ನಡ ಬರ್ತದ. ನೀನ ಓದ್ಕೋಬಹುದು. ನನ್ನ ಕೇಳೂದಿಲ್ಲ, ನಾ ಹೇಳೂದಿಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲಾ ಮಾತು ಬರೀತೀರೇನು?"

"ಎಲ್ಲಾ."

"ಜರಡಿ ಹಿಡೀಬಾರದು ನೋಡ್ರಿ. ಬರ್ತೀನಿ."

ಅವಳ ಆ 'ಬರ್ತೀನಿ'ಗಾಗಿ ರಜೆ ಇದ್ದಾಗೆಲ್ಲ ಖೂಬಾ ಪ್ಲಾಟಿಗೆ ಓಡಾಡಿದೆ. ಮರಾಠಿ ಅಕ್ಷರ ನನಗೆ ಬಾರದ್ದರಿಂದ, ತಂಡದವರು ಕಳಿಸಿದ ಟೇಪು ಕೇಳಿ ಕೇಳಿ ಕನ್ನಡ ಮಾಡಿದೆ. ನಾಟಕದ ಕಥೆ ಸರಳ. ಒಬ್ಬ ವಯಸ್ಸಾದ ಗಂಡ, ಒಬ್ಬ ಹೆಂಡತಿ. ಗಂಡ ಬಹಳ ಒಳ್ಳೆಯವ, ಆದರೆ ಯಾರು ಏನು ಕೇಳಿದರೂ ಹೆಂಡತಿಯ ಪರವಾಗಿ ತಾನೇ ಉತ್ತರ ಕೊಡುವವ. ಅವಳಿಗೆ ಚಹಾ ಬೇಡವಂತೆ, ಅವಳಿಗೆ ತಲೆನೋವಂತೆ, ಅವಳಿಗೆ ನಿದ್ದೆ ಬಂದಿದೆಯಂತೆ. ಹೆಂಡತಿ ಕೊನೆಯವರೆಗೂ ತುಟಿ ಬಿಚ್ಚುವುದಿಲ್ಲ. ಕೊನೆಯ ದೃಶ್ಯದಲ್ಲಿ ಮಾತ್ರ ಎದ್ದು ನಿಂತು ಉದ್ದಕ್ಕೆ ಮಾತಾಡುತ್ತಾಳೆ, ನಾಟಕ ಮುಗಿಯುತ್ತದೆ.

ನಾನು ನಮ್ಮ ಮಾತಿನಲ್ಲಿ ಬರೆದರೆ ಸರ್ ಅದನ್ನು ಪುಸ್ತಕದ ಕನ್ನಡ ಮಾಡುತ್ತಿದ್ದರು. ನಾನು ನಾಲ್ಕು ಸಾಲು ಬರೆದರೆ ಎರಡು ಮಾಡುತ್ತಿದ್ದರು. ಹಿಂದಿನ ಸಾಲಿನವರಿಗೆ ಕಾಣಬೇಕಾದರೆ ಅಕ್ಷರ ದೊಡ್ಡದಿರಬೇಕು, ಹಾಳೆಗೆ ಎರಡೇ ಸಾಲು ಎಂಬುದು ಅವರ ಕಾನೂನು. ಆಟ ಮುಗಿದ ಕೂಡಲೇ ತಂಡದವರು ಸಂಜೆಯ ರೈಲು ಹಿಡಿಯಬೇಕು, ತಡವಾಗುವಂತಿಲ್ಲ ಎಂಬುದು ಇನ್ನೊಂದು ಕಾನೂನು. ಹೆಂಡತಿಯ ಕೊನೆಯ ಮಾತು ಬಂದಾಗ ನಾನು ಕಷ್ಟಪಟ್ಟು ಬರೆದ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು, ಒಂದೇ ಒಂದು ಹಾಳೆ ಬರೆಸಿದರು: 'ಹೆಂಡತಿಯು ತನ್ನ ಮನದಾಳದ ನೋವನ್ನು ತೋಡಿಕೊಳ್ಳುತ್ತಾಳೆ.'

"ಸರ್, ಏನು ತೋಡಿಕೋತಾಳ ಅಂತ ಬ್ಯಾಡೇನ್ರಿ?"

"ಅಭಿನಯದಾಗ ತಿಳೀತದ ಬಿಡ್ರಿ. ಅಲ್ಲಿ ಯಾರೂ ಹಾಳಿ ನೋಡೂದಿಲ್ಲ, ಅಕಿ ಮಾರಿ ನೋಡ್ತಾರ."

ಸತ್ಯ ಹೇಳಬೇಕೆಂದರೆ ನಾನು ಹೆಚ್ಚು ವಾದಿಸಲಿಲ್ಲ. ಆ ಮಾತಿನ ನಡುವೆ ಒಂದು ವಾಕ್ಯವಿತ್ತು. ಅದನ್ನು ಕನ್ನಡದಲ್ಲಿ ಬರೆಯಲು ಪೆನ್ನು ಎತ್ತಿದಾಗಲೆಲ್ಲ ಕೈ ಹಿಂದೆ ಬರುತ್ತಿತ್ತು. ಹೋಗಲಿ, ಪೀಡೆ ತೊಲಗಿತು ಅಂದುಕೊಂಡೆ.

ಆಟದ ದಿನ ಮಧ್ಯಾಹ್ನ ರಂಗಮಂದಿರದ ನಡುದಾರಿಯಲ್ಲಿ ಒಂದು ಮೇಜು, ಮೇಲೆ ಪ್ರೊಜೆಕ್ಟರ್, ಹಿಂದೆ ನಾನು. ಮಶೀನಿನ ಬಿಸಿ ಒಲೆಯ ಮುಂದೆ ಕೂತಂತೆ ಮುಖಕ್ಕೆ ಹೊಡೆಯುತ್ತಿತ್ತು. ಫ್ಯಾನು ಹಾಕಿದರೆ ಹಾಳೆ ಹಾರುತ್ತಿದ್ದವು, ಆರಿಸಿದರೆ ಬೆವರು ಹಾಳೆಯ ಮೇಲೆ ಬೀಳುತ್ತಿತ್ತು. ನೋಡೋಣವೆಂದು ಇಟ್ಟ ಮೊದಲ ಹಾಳೆ ತಲೆಕೆಳಗಾಗಿ ಬಂತು. "ಏ, ತಿರುವಿ ಹಾಕ್ರೀ!" ಎಂದು ಯಾರೋ ಕೂಗಿದರು. ತಿರುವಿದೆ. ಈಗ ಅಕ್ಷರ ನೆಟ್ಟಗಿದ್ದವು, ಆದರೆ ಕನ್ನಡಿಯಲ್ಲಿ ನೋಡಿದಂತೆ ಬಲದಿಂದ ಎಡಕ್ಕೆ ಓಡುತ್ತಿದ್ದವು. ದೀಪದ ಮನುಷ್ಯ ಬಂದು, ನಿನ್ನ ಬೆಳಕಿನಿಂದ ನನ್ನ ಸಂಜೆಯ ದೃಶ್ಯ ಹಾಳಾಗುತ್ತದೆ ಎಂದು ಮರಾಠಿಯಲ್ಲಿ ಬೈದುಹೋದ. ಅಷ್ಟರಲ್ಲಿ ಕಮಲಾಪುರದ ಟೆಂಪೋ ಬಂತು.

ಶರಣಮ್ಮ ಒಬ್ಬಳೇ ಬಂದಿರಲಿಲ್ಲ. ಅಕ್ಷರದ ವರ್ಗವೇ ಬಂದಿತ್ತು. ಕಲಿಸುವ ಅಕ್ಕೋರು ಇದನ್ನು ಓದುವ ಅಭ್ಯಾಸವೆಂದು ತಿಳಿದು, ಹೆಂಗಸರನ್ನೆಲ್ಲ ಹಸಿರು ಬಳೆ, ಹೂವಿನ ಸಮೇತ ಕರೆತಂದು ನಡುವಿನ ಎರಡು ಸಾಲು ತುಂಬಿಸಿದರು.

ಪರದೆ ಸರಿಯಿತು. ಗಂಡ ಮೊದಲ ಮಾತಾಡಿದ. ನಾನು ಹಾಳೆ ಇಟ್ಟೆ. ನಡುವಿನ ಎರಡೂ ಸಾಲುಗಳಿಂದ ಒಮ್ಮೆಲೇ ದನಿ ಎದ್ದಿತು.

"ಇ-ವ-ಳಿ-ಗೆ... ಚ-ಹಾ... ಬೇ-ಡ-ವಂ-ತೆ..."

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಸದಾಗಿ ಅಕ್ಷರ ಕಲಿತವರಿಗೆ ಮನಸ್ಸಿನಲ್ಲಿ ಓದಲು ಬರುವುದಿಲ್ಲ. ವರ್ಗದಲ್ಲಿ ಎಲ್ಲರೂ ಕೂಡಿ, ಗಟ್ಟಿಯಾಗಿ, ಬೆರಳು ಆಡಿಸುತ್ತ ಓದುತ್ತಾರೆ. ಓದುವುದು ಅಂದರೆ ಅವರಿಗೆ ಅದೇ. ತುಟಿ ಮುಚ್ಚಿ ಓದುವುದು ನನಗೇ ಬಹಳ ತಡವಾಗಿ ಬಂತು, ಈಗಲೂ ತುಟಿ ಅಲ್ಲಾಡುತ್ತದೆ.

ಗಂಡನ ಪಾತ್ರಧಾರಿ ಬೆಚ್ಚಿ ನಿಂತ. ಯಾರೋ ಘೋಷಣೆ ಕೂಗುತ್ತಿದ್ದಾರೆ ಅಂದುಕೊಂಡನೋ ಏನೋ. ಅವನು ನಿಂತದ್ದನ್ನು ನೋಡಿ ನಮ್ಮ ಹೆಂಗಸರು, ಪಾಪ, ನಮಗಾಗಿ ತಡೆದಾನ ಅಂದುಕೊಂಡು ಇನ್ನೂ ನಿಧಾನವಾಗಿ ಓದಿದರು. ಅವನು ಮುಂದಿನ ಮಾತು ಶುರು ಮಾಡಿದ. ನಾನು ಹಾಳೆ ತೆಗೆಯಲು ಕೈಹಾಕಿದೆ.

"ತಗೀಬ್ಯಾಡ್ರೀ! ಇನ್ನಾ ತಲೆನೋವು ಮುಗಿದಿಲ್ಲ!"

ಮುಂದಿನ ಸಾಲಿನ ಒಬ್ಬ ಹಿರಿಯರು ತಿರುಗಿ, "ಏ ಬಾಯಿ, ಮನಸಿನಾಗ ಓದ್ರೆವ್ವಾ!" ಅಂದರು.

ವರ್ಗದಲ್ಲಿ ಎಲ್ಲರಿಗಿಂತ ಹಿರಿಯಳಾದ ನಿಂಗಮ್ಮ ಅಲ್ಲಿಂದಲೇ ಉತ್ತರ ಕೊಟ್ಟಳು. "ಮನಸಿನಾಗ ಓದಿದರ ನಮಗ ಹ್ಯಾಂಗ ಕೇಳಸ್ತದರಿ?"

ಅವರಿಗೆ ಏನು ಹೇಳುವುದು? ಬಸ್ಸಿನ ಕಿಟಕಿಯಲ್ಲಿ 'ಶ್ರೀ' ಎನ್ನುವಷ್ಟರಲ್ಲಿ ಅಂಗಡಿ ಕಳೆದುಕೊಂಡವನು ನಾನು. ಹಾಳೆ ಬೇಗ ತೆಗೆಯಲು ಕೈ ಬರುವುದಿಲ್ಲ. ತೆಗೆಯದಿದ್ದರೆ ನಾಟಕ ಮುಂದೆ ಓಡುತ್ತದೆ. ಹೀಗಾಗಿ ಪ್ರತಿ ನಗೆಮಾತಿಗೂ ಮೂರು ನಗೆ ಬಂದವು. ಮುಂದೆ ಕೂತ ಓದಿದವರು ಹಾಳೆ ಕಂಡ ಕೂಡಲೇ, ನಟ ಬಾಯಿ ತೆರೆಯುವ ಮೊದಲೇ ನಕ್ಕರು. ಅವನು ಗಾಬರಿಯಿಂದ ತನ್ನ ಧೋತರ ಮುಟ್ಟಿ ನೋಡಿಕೊಂಡ. ಮರಾಠಿ ಬಲ್ಲವರು ಸರಿಯಾದ ಹೊತ್ತಿಗೆ ನಕ್ಕರು. ನಮ್ಮ ಕಮಲಾಪುರದವರು ಕೂಡಿಸಿ ಓದಿ ಮುಗಿಸಿ ನಗುವ ಹೊತ್ತಿಗೆ ರಂಗದ ಮೇಲೆ ಯಾರೋ ಸತ್ತ ಸುದ್ದಿ ಬಂದಿತ್ತು. ಅದು ಸಾಲದೆಂದು ಗಂಡನ ಪಾತ್ರದ ಆ ಪುಣ್ಯಾತ್ಮ ಬರೆದುಕೊಟ್ಟ ಮಾತು ಬಿಟ್ಟು, ಕಲಬುರಗಿಯ ಬಿಸಿಲಿನ ಬಗ್ಗೆ ಎರಡು ಮಾತು ಕೈಯಿಂದ ಸೇರಿಸಿದ. ಆ ಮಾತಿಗೆ ನಾನು ಎಲ್ಲಿಂದ ಹಾಳೆ ತರಲಿ?

ಮಧ್ಯಂತರದಲ್ಲಿ ಅವನು ಬಣ್ಣದ ಮುಖದಲ್ಲೇ ನನ್ನ ಮೇಲೆ ಬಂದ. ತಾನು ಬಂದದ್ದು ನಾಟಕ ಆಡಲಿಕ್ಕೋ, ಸಾಲಿ ನಡೆಸಲಿಕ್ಕೋ ಎಂದು ಕೇಳಿದ. ಪಾಟೀಲ ಸರ್ ಗಡಿಯಾರ ನೋಡುತ್ತ, "ಜಲ್ದಿ ಜಲ್ದಿ ತಗೀರಿ ಮಾರಾಯ್ರ, ಗಾಡಿ ತಪ್ತದ" ಅಂದರು. ಹೆಂಡತಿಯ ಪಾತ್ರದ ಹಿರಿಯ ಕಲಾವಿದೆ ಮಾತ್ರ ಬದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನನ್ನನ್ನು ಕರೆದು, ಆ ಹೆಂಗಸರು ಏನು ಓದುತ್ತಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು.

"ನಿಮ್ಮ ಗಂಡನ ಮಾತು" ಅಂದೆ.

ಅವರು ನಕ್ಕರು. "ಹಾಗಾದರೆ ನನ್ನ ಮಾತು ಬಂದಾಗಲೂ ಹೀಗೇ ಓದುತ್ತಾರೆ. ಚೆನ್ನಾಗಿರುತ್ತದೆ."

ನಾನು ಮೇಜಿಗೆ ಮರಳಿ, ಆ ಒಂದೇ ಹಾಳೆಯನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿದೆ.

ಕೊನೆಯ ದೃಶ್ಯ ಬಂತು. ಹೆಂಡತಿಯ ಪಾತ್ರದ ಆ ತಾಯಿ ಎದ್ದು ನಿಂತರು. ನಾನು ಆ ಒಂದೇ ಹಾಳೆ ಇಟ್ಟೆ. "ಹೆಂ-ಡ-ತಿ-ಯು... ತ-ನ್ನ..." ಎಂದು ಶುರುವಾಗಿ "ತೋ-ಡಿ-ಕೊ-ಳ್ಳು-ತ್ತಾ-ಳೆ" ಎಂದು ಮುಗಿಯಿತು. ಅವರು ಮೊದಲ ವಾಕ್ಯ ಹೇಳಿ, ಹೆಂಗಸರು ಓದಲಿ ಎಂದು ನಿಂತರು. ಓದಲು ಏನೂ ಇರಲಿಲ್ಲ. ಎರಡನೆಯ ವಾಕ್ಯ ಹೇಳಿದರು, ನಿಂತರು. ಅದೇ ಹಾಳೆ.

"ರೀ!" ನಡುವಿನ ಸಾಲಿನಿಂದ ಶರಣಮ್ಮನ ದನಿ ಬಂತು. "ಏನಂದಳ್ರೀ?"

ನಾನು ತಗ್ಗಿ ಮಶೀನಿನ ಸ್ಕ್ರೂ ಹುಡುಕತೊಡಗಿದೆ.

"ಹೌದ್ರೀ, ಏನಂದಳು?" "ಹಾಳಿ ಮುಗದಾವೇನು?" "ಅಂವ ಅಂದದ್ದೆಲ್ಲಾ ಬರದಾರ, ಅಕಿದು ಬರದಿಲ್ಲೇನು?"

ಪಾಟೀಲ ಸರ್ ಬದಿಯಿಂದ ಗಡಿಯಾರ ತೋರಿಸುತ್ತಿದ್ದರು. ಆ ತಾಯಿ ರಂಗದ ಅಂಚಿಗೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಬೆಳಕಿನ ಆಚೆ ನನ್ನನ್ನು ಹುಡುಕಿ ಹೇಳಿದರು: "ಸಾಂಗಾ ನಾ." ಹೇಳಿರಿ ಎಂದು. ಆಮೇಲೆ ಮೊದಲಿನಿಂದ ಶುರು ಮಾಡಿ, ಒಂದು ವಾಕ್ಯ ಹೇಳಿ ನಿಂತರು.

ಎದ್ದು ನಿಂತೆ. ಪುಸ್ತಕದ ಕನ್ನಡ ಹೊಳೆಯಲಿಲ್ಲ.

"ಲಗ್ನ ಆಗಿ ಬಂದ ದಿನದಿಂದ ನನ್ನ ಮಾತು ನೀವ ಆಡ್ಲಕತ್ತೀರಿ."

ಅವರು ಇನ್ನೊಂದು ಹೇಳಿದರು.

"ನನಗ ಚಹಾ ಬ್ಯಾಡಂತ ನಾ ಯಾವಾಗ ಅಂದೀನಿ? ನನಗ ಚಹಾ ಅಂದರ ಜೀವ."

ಆವತ್ತು ಮೊದಲ ಬಾರಿಗೆ ಇಡೀ ಮಂದಿರ ಕೂಡಿ ಒಂದೇ ಹೊತ್ತಿಗೆ ನಕ್ಕಿತು.

"ಮಂದಿ ಬಂದರ ಇಕಿಗೆ ನಿದ್ದಿ ಬಂದದ ಅಂತೀರಿ. ನನಗ ನಿದ್ದಿ ಬಂದಿರೂದಿಲ್ಲ. ಮಾತಾಡೂದಿರ್ತದ."

ಆಮೇಲೆ ಆ ವಾಕ್ಯ ಬಂತು. ಹೇಳಿ ನಿಂತು ನನ್ನ ಕಡೆ ನೋಡಿದರು. ನಾನು ಎರಡು ಸಾಲು ಕುಂಕುಮದ ಹಣೆಗಳನ್ನು ನೋಡಿದೆ. ಕೆಮ್ಮಿದೆ. ಅವರು ಒಂದು ಗಳಿಗೆ ಕಾದು ಮುಂದಿನದಕ್ಕೆ ಹೋದರು. ನಾನೂ ಹೋದೆ.

"ಇವತ್ತ ನಾ ಮಾತಾಡ್ತೀನಿ. ನೀವು ಸುಮ್ ಕೂಡ್ರಿ."

ನಾಟಕ ಮುಗಿಯಿತು. ಚಪ್ಪಾಳೆ ಯಾರಿಗೆ ಬಿದ್ದವೋ ಗೊತ್ತಿಲ್ಲ. ತಂಡದವರು ಬಣ್ಣ ಒರೆಸಿಕೊಳ್ಳದೆ ಸ್ಟೇಶನ್ನಿಗೆ ಓಡಿದರು. ಗಾಡಿ ತಡವಾಗಿ ಬಂದದ್ದರಿಂದ ಸಿಕ್ಕಿತಂತೆ. ಪಾಟೀಲ ಸರ್ ಗಡಿಯಾರ ನೋಡಿಕೊಳ್ಳುತ್ತ ಅವರ ಹಿಂದೆಯೇ ಹೋದರು.

ನಾನೂ ಟೆಂಪೋದಲ್ಲೇ ಊರಿಗೆ ಹೊರಟೆ. ಇನ್ನೂ ಬಿಸಿಲಿತ್ತು. ಕಲಬುರಗಿ ದಾಟಿದ ಮೇಲೆ ಶರಣಮ್ಮ ಅಂದಳು: "ನಡುವ ಒಂದು ಮಾತು ಬಿಟ್ಟೀರಿ."

"ಏನೂ ಬಿಟ್ಟಿಲ್ಲ."

"ಅಕಿ ಮಾತಾಡಿದ್ದು ನಾ ನೋಡೀನಿ. ಅಕಿ ಹೇಳಿದಳು, ನೀವು ಕೆಮ್ಮಿದಿರಿ. ಕೆಮ್ಮು ಮರಾಠಿದಾಗ ಇತ್ತೇನು?"

ಟೆಂಪೋದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅಕ್ಕೋರೂ ತಿರುಗಿದರು. ಡ್ರೈವರ್ ಗಾಡಿ ನಿಧಾನ ಮಾಡಿದ್ದು ನನಗೆ ಗೊತ್ತಾಯಿತು.

"ಬ್ಯಾಡ ಬಿಡು. ಮುತ್ತೈದೇರ ಮುಂದ ಆಡೂ ಮಾತಲ್ಲ ಅದು."

"ಅಲ್ಲಿ ರಂಗದ ಮ್ಯಾಲ ಆಡಿದಾಕಿ ಕುಂಕುಮ ಹಚ್ಚಿದ್ದಿಲ್ಲೇನು? ಹೇಳ್ರಿ."

ಹೇಳಿದೆ. ಪೂರ್ತಿ ಹೇಳಿದೆ. "'ನೀವು ಹೋದ ಮ್ಯಾಲ ನಾಕ ದಿನ ನನ್ನ ಬದುಕಿಸು ಅಂತ ದೇವರಿಗೆ ಕೇಳ್ಕೋತೀನಿ. ಬ್ಯಾರೇನಿಲ್ಲ, ಮಾತಾಡಲಿಕ್ಕ' ಅಂದಳು."

ಯಾರದೋ ಕೈ ತಾಳಿಗೆ ಹೋಯಿತು. "ಬಿಡ್ತು ಅನ್ರೀ ಅಣ್ಣಾರ" ಎಂದು ಒಬ್ಬಳು ಗದರಿದಳು. ನಾನು ಬಿಡ್ತು ಬಿಡ್ತು ಅಂದೆ.

ಆಗ ಹಿಂದಿನಿಂದ ನಿಂಗಮ್ಮ, "ನಾ ದಿನಾ ಕೇಳ್ಕೋತೀನಿ" ಅಂದಳು. "ನಾಕ ದಿನ ಸಾಲೂದಿಲ್ಲ ನನಗ."

ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಬ್ಬಳಿಗೆ ಒತ್ತಿಕೊಳ್ಳಲು ಆಗಲಿಲ್ಲ. ಗಾಡಿ ತುಂಬ ನಗೆ ಎದ್ದು, ಡ್ರೈವರನೂ ಸ್ಟೇರಿಂಗಿನ ಮೇಲೆ ಬಿದ್ದು ನಕ್ಕ. ಶರಣಮ್ಮ ನಗಲಿಲ್ಲ.

"ಈ ಒಂದು ಮಾತು ಹೇಳಲಿಕ್ಕ ಅವರು ಅಷ್ಟು ದೂರದಿಂದ ಬಂದಿದ್ದರು" ಅಂದಳು. "ಇದೊಂದು ಬಿಟ್ಟು ಉಳದದ್ದೆಲ್ಲಾ ಹೇಳಿದಿರಿ."

ನನಗೆ ರೇಗಿತು. ಬೆವರು ಸುರಿಸಿ, ಬೈಸಿಕೊಂಡು, ಮಂದಿಯ ಮುಂದೆ ನಿಂತು ಒದರಿದವನಿಗೆ ಇದೇ ಬಹುಮಾನವೇ? "ನಿನಗೂ ಹಂಗ ಅನಸ್ತದೇನು ಮತ್ತ?" ಎಂದು ಕೇಳಿಬಿಟ್ಟೆ.

"ನನಗ ಏನನಸ್ತದ ಅಂತ ನಾನ ಹೇಳ್ತೀನಿ" ಅಂದಳು. "ನೀವು ನಡುವ ಬಾಯಿ ಹಾಕಬ್ಯಾಡ್ರಿ."

ಹೇಳತೊಡಗಿದಳು. ಲಗ್ನದ ಮೊದಲ ವರ್ಷದಿಂದ ಹೇಳಿದಳು. ಅವಳಿಗೆ ಇಷ್ಟವಿಲ್ಲ ಎಂದು ನಾನು ಬೀಗರಿಗೆ ಹೇಳಿದ, ಅವಳಿಗೆ ಬಹಳ ಇಷ್ಟವಿದ್ದ ಊಟಗಳು. ಅವಳಿಗೆ ಬರಲು ಆಗುವುದಿಲ್ಲ ಎಂದು ನಾನೇ ಹೇಳಿಕಳಿಸಿದ, ಅವಳು ಹೋಗಲೇಬೇಕೆಂದಿದ್ದ ತವರಿನ ಮದುವೆ. ಟೆಂಪೋದ ಹೆಂಗಸರು "ಹೂಂ, ಮುಂದ?" ಅನ್ನುತ್ತಿದ್ದರು. ಕಮಲಾಪುರ ಬಂತು, ಗಾಡಿ ನಿಂತಿತು, ಯಾರೂ ಇಳಿಯಲಿಲ್ಲ. ಅವಳು ಮುಗಿಸಿದ ಮೇಲೆಯೇ ಇಳಿದದ್ದು.

ಆಮೇಲೆ ಅವಳು ನನ್ನ ಕೂಡ ಸಿನಿಮಾಕ್ಕೂ ಬಂದಳು, ನಾಟಕಕ್ಕೂ ಬಂದಳು. 'ಏನಂದಾನ್ರಿ' ಅನ್ನುವುದನ್ನು ಬಿಟ್ಟಿದ್ದಾಳೆ. ಈಗ ಕೇಳುವುದು 'ಏನು ಬಿಟ್ಟೀರಿ?' ಎಂದು. ಹಿಂದಿನ ಕಾಟವೇ ವಾಸಿಯಿತ್ತು.

ನಿಮ್ಮಲ್ಲೂ ಯಾರಾದರೂ ಹೀಗೆ ಒಂದು ಭಾಷೆಯ ಮಾತನ್ನು ಇನ್ನೊಂದರಲ್ಲಿ ಹೇಳಲು ಹೋಗಿ, ಮನೆಯಲ್ಲೋ ಮಂದಿಯ ಮುಂದೆಯೋ ಸಿಕ್ಕಿಬಿದ್ದಿದ್ದರೆ ಬರೆದು ತಿಳಿಸಿ. ಚಿಕ್ಕದಾಗಿ ಮಾತ್ರ ಬರೆಯಬೇಡಿ. ಬಂದದ್ದನ್ನು ಮನೆಯಲ್ಲಿ ಓದುವುದು ನಾನಲ್ಲ, ಶರಣಮ್ಮ. ಈಗಲೂ ಗಟ್ಟಿಯಾಗಿಯೇ ಓದುತ್ತಾಳೆ. ನಡುವೆ ಎಲ್ಲಾದರೂ ಕೆಮ್ಮಿದ್ದೀರೆಂದು ಅನುಮಾನ ಬಂದರೆ, ನಿಮ್ಮ ಮನೆಗೇ ಬಂದು ಕೇಳುತ್ತಾಳೆ.